ತಗ್ಗು ಬೀಳದ ಹಾಸಿಗೆ

ಡೊಂಬಿವಲಿ ಪೂರ್ವದ ಆ ನಾಲ್ಕು ಮಾಳಿಗೆಯ ವಸತಿ ಸೊಸೈಟಿಯಲ್ಲಿ ಶ್ರೀಮತಿಯ ಬೆರಳಿಗಿದ್ದ ಮರ್ಯಾದೆ ಸೊಸೈಟಿಯ ಚೇರ್ಮನ್ನರಿಗೂ ಇರಲಿಲ್ಲ. ಬದನೆಕಾಯಿ ಒತ್ತಿ ನೋಡಿ ಒಳಗೆ ಹುಳ ಇದೆ ಎಂದರೆ ಇದ್ದೇ ಇರುತ್ತಿತ್ತು. ಸೆರಗು ಉಜ್ಜಿ ನೋಡಿ ಎರಡೇ ಒಗೆತಕ್ಕೆ ಬಣ್ಣ ಬಿಡುತ್ತದೆ ಎಂದರೆ ಬಿಟ್ಟೇ ಬಿಡುತ್ತಿತ್ತು. ಆಚೀಚೆಯ ಉಡುಪಿ ಕಡೆಯ ಹೆಂಗಸರು ಒಂದು ಕುಕ್ಕರ್ ಕೊಳ್ಳುವುದಿದ್ದರೂ ಅವಳನ್ನು ಮುಂದಿಟ್ಟುಕೊಂಡೇ ಹೋಗುವರು. ಗಂಡ ತಾರಾನಾಥ ಥಾಣೆಯ ಹೋಟೆಲೊಂದರಲ್ಲಿ ಮ್ಯಾನೇಜರ್. ಊರಿಗೆಲ್ಲ ಇಡ್ಲಿ ತಿನ್ನಿಸುವ ಆತ ಮನೆಯ ಇಡ್ಲಿಯ ಬಗ್ಗೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ಇಂಥ ಶ್ರೀಮತಿಯ ಹೊಟ್ಟೆಗೆ ಬೆಂಕಿ ಬಿದ್ದದ್ದು ಒಂದು ಹಾಸಿಗೆಯಿಂದ. ಮೈದುನ ಮಧ್ವೇಶ ೨೦೧೩ರಲ್ಲಿ ಖಾರಘರದಲ್ಲಿ ಫ್ಲ್ಯಾಟ್ ತೆಗೆದುಕೊಂಡ. ಅವನ ಹೆಂಡತಿ ಪ್ರಿಯಂವದಾ ಮೈಸೂರಿನವಳು, ಐಟಿ ಕಂಪನಿಯ ಕೆಲಸದವಳು. ಅತ್ತೆ ಬಂದರೆ ಇರಲಿ ಎಂದು ಒಂದು ಕೋಣೆಯಲ್ಲಿ ಮೈಭಾರಕ್ಕೆ ತಕ್ಕಂತೆ ತಗ್ಗುವ ಮೆಮೊರಿ ಫೋಮ್ ಹಾಸಿಗೆ ಹಾಕಿಸಿದಳು. ಶ್ರೀಮತಿಯ ಮದುವೆಯಾದಾಗಿನಿಂದ ಡೊಂಬಿವಲಿಯಲ್ಲೇ ಇದ್ದ ಅತ್ತೆ ರತ್ನಾವತಿ ಹದಿನೈದು ದಿನಕ್ಕೆಂದು ಅಲ್ಲಿಗೆ ಹೋದವರು ವಾಪಸು ಬರುವ ಮಾತೇ ಆಡಲಿಲ್ಲ.

"ಈ ಹಾಸಿಗೆಯಲ್ಲಿ ಮಲಗಿದ ಮೇಲೆ ನನ್ನ ಸೊಂಟನೋವು ಎಲ್ಲಿ ಹೋಯ್ತೋ ಗೊತ್ತಿಲ್ಲ ಮಾರಾಯ್ತಿ," ಎಂದರು ಫೋನಿನಲ್ಲಿ. "ಇನ್ನು ಸ್ವಲ್ಪ ದಿನ ಇಲ್ಲೇ ಇರ್ತೇನೆ."

ಶ್ರೀಮತಿಗೆ ಮೈಯೆಲ್ಲ ಉರಿಯಿತು. ಅದೇ ಸೊಂಟಕ್ಕೆ ಎಣ್ಣೆ ಬಿಸಿ ಮಾಡಿ ತಿಕ್ಕಿದವರು ಯಾರು? ತನ್ನ ಮನೆಯಲ್ಲಿ ಅತ್ತೆಗೆ ಒಂದು ಹುಲ್ಲುಕಡ್ಡಿ ಎತ್ತಿಡಲೂ ಅವಳು ಬಿಟ್ಟಿರಲಿಲ್ಲ. ಅವರು ಒಲೆಯ ಹತ್ತಿರ ಬಂದರೆ ಸಾಕು, ಸೌಟು ಕಿತ್ತುಕೊಂಡು ಕುರ್ಚಿಯ ಮೇಲೆ ಕೂರಿಸುತ್ತಿದ್ದಳು. ಅಷ್ಟೆಲ್ಲ ಮಾಡಿದ್ದನ್ನು ಒಂದು ಫೋಮಿನ ತುಂಡು ಮೂಲೆಗೆ ತಳ್ಳಿಬಿಟ್ಟಿತಲ್ಲ ಎಂದು ಸಂಕಟ. ಅದೂ ನೆಟ್ಟಗೆ ಒಂದು ಸಾರು ಮಾಡಲು ಬಾರದ ಓರಗಿತ್ತಿಯ ಮನೆಯದ್ದು.

ನೆರೆಮನೆಯ ಚಂಪಾಳನ್ನು ಕಟ್ಟಿಕೊಂಡು ವಾಶಿ, ಕಲ್ಯಾಣದ ಹಾಸಿಗೆ ಅಂಗಡಿಗಳನ್ನೆಲ್ಲ ಸುತ್ತಿದಳು. ಕೊಳ್ಳುವುದಕ್ಕಲ್ಲ, ಖಾರಘರದ ಹಾಸಿಗೆಯ ಹುಳುಕು ಹಿಡಿಯುವುದು ಹೇಗೆಂದು ಕಲಿಯುವುದಕ್ಕೆ. ಅಂಗೈ ಒತ್ತಿ ತೆಗೆದರೆ ಒಳ್ಳೆಯ ಮಾಲಿನಲ್ಲಿ ಗುರುತು ನಿಧಾನವಾಗಿ ಮೇಲೇಳಬೇಕು, ಥಟ್ಟನೆ ಎದ್ದರೆ ಅದು ಬರೀ ಸ್ಪಂಜು. ಮೂಲೆ ಹಿಡಿದು ಎತ್ತಿದರೆ ಕೈ ಸೋಲುವಷ್ಟು ಭಾರ ಇರಬೇಕು. ಹಗುರಾದದ್ದು ಬಾಳಿಕೆ ಬರುವುದಿಲ್ಲ, ಸೊಂಟ ಊರುವ ಕಡೆ ಬೇಗ ತಗ್ಗು ಬೀಳುತ್ತದೆ. ತಳಕ್ಕೆ ಗಾಳಿಯಾಡದಿದ್ದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.

"ಎರಡು ವರ್ಷ ತಡಿ," ಎಂದಳು ಚಂಪಾಳಿಗೆ. "ನಡುವೆ ಗುಂಡಿ ಬೀಳ್ತದೆ. ಅತ್ತೆ ಸೊಂಟ ಹಿಡ್ಕೊಂಡು ಇಲ್ಲಿಗೇ ಬರ್ತಾರೆ, ನೋಡು."

ಆ ಎರಡು ವರ್ಷ ಅವಳು ಖಾರಘರಕ್ಕೆ ಹೋದಾಗಲೆಲ್ಲ ಅತ್ತೆಯ ಕೋಣೆಗೆ ಹೊಕ್ಕು, ಯಾರೂ ನೋಡದಾಗ ಹಾಸಿಗೆಯನ್ನು ಒತ್ತಿ ಬರುತ್ತಿದ್ದಳು. ಗುರುತು ಮೆಲ್ಲಗೆ ಮೇಲೇಳುತ್ತಿತ್ತು, ಅವಳ ಮುಖ ಅಷ್ಟೇ ಮೆಲ್ಲಗೆ ಇಳಿಯುತ್ತಿತ್ತು. ಕೊನೆಗೆ ತಡೆಯಲಾರದೆ ಅದಕ್ಕಿಂತ ದಪ್ಪದ್ದೊಂದನ್ನು ಡೊಂಬಿವಲಿಗೂ ತರಿಸಿದಳು. ಅದನ್ನು ಹಾಸಿಟ್ಟು, ಅತ್ತೆಯನ್ನು ಕರೆದುಕೊಂಡೇ ಬರುವುದೆಂದು ಒಂದು ಭಾನುವಾರ ಥಾಣೆಯಲ್ಲಿ ರೈಲು ಬದಲಿಸಿ ಖಾರಘರದಲ್ಲಿ ಇಳಿದಳು.

ಅತ್ತೆ ಅಡಿಗೆಮನೆಯಲ್ಲಿ ಪತ್ರೊಡೆಗೆ ಹಿಟ್ಟು ಹಚ್ಚುತ್ತಿದ್ದರು. ಪ್ರಿಯಂವದಾ ಪಕ್ಕದಲ್ಲಿ ನಿಂತು ಕೆಸುವಿನ ಎಲೆ ಒರೆಸಿಕೊಡುತ್ತಿದ್ದಳು. ಶ್ರೀಮತಿ ಕಾಲು ತೊಳೆದವಳೇ ಕೋಣೆಗೆ ನಡೆದು ಹಾಸಿಗೆಯ ನಡುವೆ ಒತ್ತಿದಳು, ಅಂಚಿನಲ್ಲಿ ಒತ್ತಿದಳು. ಎಲ್ಲ ಕಡೆಯೂ ಒಂದೇ ಸಮ. ಎಂಥ ಫಸ್ಟ್‌ಕ್ಲಾಸ್ ಮಾಲಾದರೂ ದಿನಾ ಮಲಗಿದ ಕಡೆ ಒಂಚೂರಾದರೂ ಮೆತ್ತಗಾಗಬೇಡವೇ? ತಳದಲ್ಲಿ ಬೂಷ್ಟಾದರೂ ಇದೆಯೇ ಎಂದು ಬಗ್ಗಿ ಮೂಲೆ ಎತ್ತಿದಳು. ಮಂಚದ ಕೆಳಗೆ ಸುರುಳಿ ಸುತ್ತಿದ ಚಾಪೆ ಕಂಡಿತು. ಡೊಂಬಿವಲಿಯಿಂದ ಅತ್ತೆ ಒಯ್ದ ಚಾಪೆ. ಎಳೆದು ಬಿಡಿಸಿದರೆ ತಲೆಯಿಡುವ ಕಡೆ ತೆಂಗಿನೆಣ್ಣೆಯ ಜಿಡ್ಡು, ಇನ್ನೂ ಹಸಿಯಾಗಿತ್ತು.

ಕೈಗೆ ಹಿಟ್ಟು ಮೆತ್ತಿಕೊಂಡೇ ಅತ್ತೆ ಬಾಗಿಲಿಗೆ ಬಂದರು.

"ನೀವು ಇದರಲ್ಲಿ ಮಲಗುದೇ ಇಲ್ವಾ ಅತ್ತೆ?"

"ಒಂದು ದಿನ ಮಲಗಿದೆ. ಮೈ ಹೂತುಹೋದ ಹಾಗೆ ಆಯ್ತು, ಮಗ್ಗುಲು ತಿರುಗ್ಲಿಕ್ಕೂ ಆಗ್ಲಿಲ್ಲ."

"ಮತ್ತೆ ಸೊಂಟಕ್ಕೆ ಒಳ್ಳೇದು ಅಂತ ಹೇಳಿದ್ದು?"

ಅತ್ತೆ ಬೆರಳಿಗೆ ಮೆತ್ತಿದ ಹಿಟ್ಟು ತಿಕ್ಕಿಕೊಂಡರು. "ಎಂತಾದರೂ ಹೇಳ್ಬೇಕಲ್ಲ. ನಿನಗೆ ಬೇಜಾರಾಗಬಾರದು ಅಂತ."

"ನಮ್ಮಲ್ಲಿ ನಿಮಗೆ ಎಂತ ಕಡಿಮೆ ಆಗಿತ್ತು?"

"ಕಡಿಮೆ ಎಂತದೂ ಇಲ್ಲ. ನೀನೇ ಎಲ್ಲ ಮಾಡ್ತಿ, ನನಗಿಂತ ಚಂದ ಮಾಡ್ತಿ. ನಾನು ಬಂದು ಅಲ್ಲಿ ಎಂತ ಮಾಡುದು, ಹೇಳು?"

ಒಳಗಿನಿಂದ ಪ್ರಿಯಂವದಾ ಕೂಗಿದಳು, "ಅತ್ತೆ, ಬೆಲ್ಲ ಇಷ್ಟು ಸಾಕಾ? ನೀವೇ ಬಂದು ನೋಡ್ಬಿಡಿ, ನನಗೆ ತಿಳಿಯಲ್ಲ." ಅತ್ತೆ ಲಗುಬಗೆಯಿಂದ ಹೋದರು. ಸೊಂಟ ನೆಟ್ಟಗಿತ್ತು. ಸಾರು ಬಾರದ ಆ ಹುಡುಗಿಯ ಮೇಲೆ ಶ್ರೀಮತಿಗೆ ಅಷ್ಟು ಹೊಟ್ಟೆಕಿಚ್ಚು ಹಿಂದೆಂದೂ ಆಗಿರಲಿಲ್ಲ.

ಚಾಪೆಯನ್ನು ಮೊದಲಿದ್ದ ಹಾಗೆ ಸುತ್ತಿಟ್ಟಳು. ಪತ್ರೊಡೆಗೆ ಹುಳಿ ಸ್ವಲ್ಪ ಮುಂದಾಗಿತ್ತು. ಅವಳು ಹುಳುಕು ಎತ್ತದೆ ತಿಂದಳು. ಸಂಜೆ ಒಬ್ಬಳೇ ಹೊರಟಳು.

ಡೊಂಬಿವಲಿಯ ಸೊಸೈಟಿ ಗೇಟಿನಲ್ಲೇ ಚಂಪಾ ಸಿಕ್ಕಳು. "ಎಂತ, ಅತ್ತೆ ಬರ್ಲಿಲ್ವಾ? ಗುಂಡಿ ಬಿತ್ತಾ ಹಾಸಿಗೆಗೆ?"

"ಇಲ್ಲ," ಎಂದಳು ಶ್ರೀಮತಿ. "ನಾನೇ ಒತ್ತಿ ನೋಡಿದೆ. ಒಳ್ಳೇ ಮಾಲು, ಇನ್ನೂ ಹತ್ತು ವರ್ಷ ಎಂತದೂ ಆಗುದಿಲ್ಲ. ಅತ್ತೆಯ ಸೊಂಟಕ್ಕೆ ಅದೇ ಆಗ್ಬೇಕು, ಅದಕ್ಕೇ ಬರ್ಲಿಲ್ಲ."

ಶ್ರೀಮತಿಯ ಬೆರಳು ಹೇಳಿದ ಮೇಲೆ ಮುಗಿಯಿತು. ಮರುವಾರವೇ ಚಂಪಾ ತನ್ನ ಅತ್ತೆಗೂ ಅದೇ ಹಾಸಿಗೆ ತಂದಳು.