ಹಡಗಿಗೆ ಕಟ್ಟಿದ ಬುತ್ತಿ

ಅವಳ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಗೋಣಿ ಹೊಲಿಯುವ ದಬ್ಬಣವನ್ನು ಅದೇ ಬೆರಳಿನಿಂದ ಒತ್ತಿ ಒತ್ತಿ ಹಾಗಾದದ್ದು. ಆ ಉಗುರಿನಿಂದ ನನ್ನ ತೋಳು ಚಿವುಟಿದರೆ ಗುರುತು ಒಂದಲ್ಲ, ಎರಡು ಬೀಳುತ್ತಿತ್ತು. ಈಗ ನನ್ನ ಚರ್ಮವೇ ಜೋತು ಬಿದ್ದಿದೆ, ಹುಡುಕಿದರೂ ಗುರುತು ಸಿಗುವುದಿಲ್ಲ. ಎಲ್ಲಿತ್ತು ಅಂತ ನನಗೆ ಗೊತ್ತು.

ಅವಳು ನನ್ನ ಮಾವನ ಅಕ್ಕ. ಬಾಗೂರಿಗೆ ಕೊಟ್ಟಿದ್ದರು. ಗಂಡ ಸತ್ತ ಮೇಲೆ ಹೊಸದುರ್ಗದ ತಮ್ಮನ ಮನೆಗೆ ಬಂದವಳು ಮತ್ತೆ ಹೋಗಲಿಲ್ಲ. ನಾನು ಮದುವೆಯಾಗಿ ಬರುವ ಹೊತ್ತಿಗೆ ನನ್ನ ಅತ್ತೆ ತೀರಿಕೊಂಡಿದ್ದರು. ಒಲೆಯೂ ಇವಳದೇ, ಉಗ್ರಾಣವೂ ಇವಳದೇ. ನಾನು ದೊಡ್ಡತ್ತೆ ಅನ್ನುತ್ತಿದ್ದೆ. ಎದುರಿಗೆ ಬಹುವಚನ ಹಚ್ಚುತ್ತಿದ್ದೆ. ಇಲ್ಲಿ ಹಚ್ಚುವುದಿಲ್ಲ.

ಬುತ್ತಿ ಕಟ್ಟುವುದರಲ್ಲಿ ಅವಳ ಸಮ ಯಾರೂ ಇರಲಿಲ್ಲ, ಅದನ್ನು ಒಪ್ಪಬೇಕು. ಕೇರಿಯಲ್ಲಿ ಯಾರು ದೂರ ಹೊರಟರೂ ನಮ್ಮ ಪಡಸಾಲೆಗೆ ಬಂದು ಕೂರುತ್ತಿದ್ದರು. ಅವಳು ಕೇಳುತ್ತಿದ್ದುದು ಎರಡೇ ಮಾತು. "ಎಷ್ಟು ದಿನ? ಎಷ್ಟು ಹೊಟ್ಟೆ?" ಆಮೇಲೆ ಕಟಕಲು ರೊಟ್ಟಿ, ಹುರಿಟ್ಟು, ತಂಬಿಟ್ಟು, ಹುಚ್ಚೆಳ್ಳು ಚಟ್ನಿಪುಡಿ, ಹುಣಸೆ ತೊಕ್ಕು. ಒಂದು ದಿನಕ್ಕೆ ಒಂದು ಚೀಲ. ಒಳಗೆ ಬಟ್ಟೆಯದು, ಹೊರಗೆ ಗೋಣಿಯದು, ಬಾಯಿಗೆ ಹೊಲಿಗೆ. ಅವತ್ತಿನ ಚೀಲ ಅವತ್ತೇ ಬಿಚ್ಚಬೇಕು. "ಮನುಷ್ಯ ಊರು ದಾಟೋದು ಕಾಲಿಂದಲ್ಲ, ಹೊಟ್ಟೆಯಿಂದ" ಅನ್ನುತ್ತಿದ್ದಳು.

ಚೀಲಕ್ಕೆ ಎರಡು ಪದರ ಯಾಕೆಂದರೆ, ಲಿಂಗ ಕಟ್ಟದವರ ಕಣ್ಣು ಬಿದ್ದ ಆಹಾರವನ್ನು ಲಿಂಗಕ್ಕೆ ತೋರಿಸಬಾರದು, ತೋರಿಸದೆ ಉಣ್ಣಬಾರದು. ನಮ್ಮವರಲ್ಲೇ ಬಹಳ ಜನ ಆ ಕಟ್ಟನ್ನು ಸಡಿಲ ಬಿಟ್ಟಿದ್ದರು. ಅವಳು ಬಿಟ್ಟಿರಲಿಲ್ಲ. ತಮ್ಮನನ್ನೂ ಬಿಡಗೊಟ್ಟಿರಲಿಲ್ಲ.

ಮಾವನದು ಕೊಬ್ಬರಿ ವ್ಯಾಪಾರ. ಬೊಂಬಾಯಿಯ ದಲ್ಲಾಳಿಯೊಬ್ಬ ಬಂದಾಗ ಹಡಗಿನ ಮಾತು ಹೇಳಿ ಅವರ ತಲೆ ಕೆಡಿಸಿ ಹೋದ. ಹೊಸದುರ್ಗ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಹುಬ್ಬಳ್ಳಿ, ಅಲ್ಲಿಂದ ಗೋವೆಯ ಬಂದರು, ಬಂದರಿನಿಂದ ಹಡಗಿನಲ್ಲಿ ಬೊಂಬಾಯಿ. ಒಂದು ಬೆಳಿಗ್ಗೆ ಪೂಜೆ ಮುಗಿಸಿ ಬಂದು ಮಾವ ಅಂದರು:

"ಅಕ್ಕಾ, ಹಡಗಿನಾಗೆ ಬೊಂಬಾಯಿಗೆ ಹೋಗಿ ಬರ್ತೀನಿ. ವ್ಯಾಪಾರಕ್ಕಲ್ಲ. ಮನೇನೇ ನೀರ್ ಮೇಲೆ ಹೋದಂಗೆ ಹೋಗ್ತೈತಂತೆ. ಕಣ್ಣು ಕಾಣೋವಾಗ್ಲೇ ನೋಡ್ಬೇಕು."

"ಯಾರ್ಯಾರು?"

"ನಾನು, ಮಗ. ಅಡಿಗೆ ಬೇಯ್ಸೋಕೆ ಸೊಸೆ."

ನಾನು ಬಾಗಿಲ ಹಿಂದಿದ್ದೆ. ಕೆರೆಗಿಂತ ದೊಡ್ಡ ನೀರನ್ನು ನಾನು ಕಂಡವಳಲ್ಲ.

"ಇವಳಾ?" ಅಂದಳು. "ಒಲೆ ಮೇಲೆ ಹಾಲುಕ್ಕಿದ್ರೇ ಕಾಣ್ದೋಳು, ಸಮುದ್ರ ಉಕ್ಕಿದ್ರೆ ಕಾಣ್ತಾಳಾ? ಏನೂ ಬ್ಯಾಡ. ತಿಂಗಳಿಗಾಗೋಷ್ಟು ಬುತ್ತಿ ನಾನು ಕಟ್ಟಿಕೊಡ್ತೀನಿ. ನೀರು ಹಾಕಿ ಕಲಸ್ಕಂಡು ತಿಂದ್ರಾತು. ಅದಕ್ಕೆ ಹೆಂಗ್ಸು ಯಾತಕ್ಕೆ?"

ಮಾವ ಅಕ್ಕನಿಗೆ ಎದುರಾಡಿದವರಲ್ಲ. ನನ್ನ ಗಂಡನೂ ಅಷ್ಟೆ. "ಅತ್ತೆ ಹೇಳಿದ್ಮೇಲೆ ಮುಗೀತಲ್ಲ" ಅಂದು ಎದ್ದು ಹೋದ.

ಹನ್ನೆರಡು ದಿನ ಮನೆಯಲ್ಲಿ ಬುತ್ತಿಯದೇ ಕೆಲಸ. ಹುರಿದವಳು ನಾನು, ಬೀಸಿದವಳು ನಾನು, ರೊಟ್ಟಿ ತಟ್ಟಿದವಳೂ ನಾನು. ನನ್ನನ್ನು ಮನೆಯಲ್ಲಿ ಕೂರಿಸುವ ಬುತ್ತಿಯನ್ನು ನನ್ನ ಕೈಯಿಂದಲೇ ಮಾಡಿಸಿದಳು. ರೊಟ್ಟಿ ಒಣಗಿದ್ದು ಸಾಲದು ಅಂದರೆ ಎತ್ತಿ ನನ್ನ ಮಡಿಲಿಗೇ ಎಸೆಯುವಳು. ನನ್ನ ತವರಿನವರು ಕೊಟ್ಟ ತಗಡಿನ ಪೆಟ್ಟಿಗೆ ಒಂದಿತ್ತು. ಕರೆದುಕೊಂಡು ಹೋಗುತ್ತಾರೆಂದು ಅದರಲ್ಲಿ ಸೀರೆ ಮಡಚಿಟ್ಟಿದ್ದೆ. ಸೀರೆ ತೆಗೆದು ಗೂಟಕ್ಕೆ ಹಾಕಿ, ಪೆಟ್ಟಿಗೆಯಲ್ಲಿ ವಿಭೂತಿ ಗಟ್ಟಿ, ಒಣಗಿದ ಪತ್ರೆ ತುಂಬಿದಳು.

"ಪೆಟ್ಟಿಗೆನಾದ್ರೂ ಸಮುದ್ರ ನೋಡ್ಲಿ ಬಿಡೇ" ಅಂದಳು. ಬುತ್ತಿ ನೋಡಲು ಬಂದಿದ್ದ ಕೇರಿಯ ಹೆಂಗಸರೆಲ್ಲ ನಕ್ಕರು.

ಹೊರಡುವುದಕ್ಕೆ ಎರಡು ದಿನ ಇರುವಾಗ ಬಳೆಗಾರ್ತಿ ಬಂದಳು. ಪೇಟೆಯ ಸಾಬರ ಹೆಂಗಸು. ಅವಳ ಅಣ್ಣ ಬಳೆ ತರುವುದಕ್ಕೆ ಗೋವೆ ಕಡೆಗೆಲ್ಲ ಹೋಗಿಬರುತ್ತಿದ್ದ. ನನ್ನ ಕೈ ಹಿಡಿದು ಬಳೆ ತೊಡಿಸುತ್ತಾ ಪಡಸಾಲೆಯ ಚೀಲಗಳನ್ನು ನೋಡಿದಳು.

"ಇಷ್ಟ್ಯಾಕೆ ಹೊಲ್ದೀರಮ್ಮ? ಗೋವೆ ಬ್ಯಾರೆ ಸರ್ಕಾರದ್ದು. ಗಡಿಯಾಗೆ ಸುಂಕದೋರು ಒಂದೊಂದ್ ಗಂಟೂ ಬಿಚ್ಚಿ, ಕೈ ಹಾಕಿ ನೋಡ್ತಾರೆ. ನಮ್ಮಣ್ಣನ ಹಾಸಿಗೇನೂ ಬಿಟ್ಟಿಲ್ಲ."

ನನಗೆ ತಕ್ಷಣ ಎಲ್ಲವೂ ಹೊಳೆಯಿತು. ಬಿಚ್ಚಿದರೆ ಬುತ್ತಿ ದಂಡ. ಮಾವ ಒಂದು ಅಗುಳು ಮುಟ್ಟುವುದಿಲ್ಲ. ಈ ಮಾತನ್ನು ಮಾವನ ಕಿವಿಗೆ ಹಾಕಿದರೆ, ದಾರಿಯಲ್ಲಿ ಅಕ್ಕಿ ಕೊಂಡು ಬೇಯಿಸುವುದಕ್ಕೆ ಅಂತ ನನ್ನನ್ನು ಕರೆದುಕೊಂಡು ಹೋಗಲೂಬಹುದಿತ್ತು. ಅಷ್ಟು ಯೋಚಿಸುವ ತಾಳ್ಮೆ ನನಗಿರಲಿಲ್ಲ. ಅವಳ ಬುತ್ತಿ ಮಣ್ಣುಪಾಲಾಗಬೇಕು, ಹತ್ತು ಜನರೆದುರು ಅವಳ ಮುಖ ಸಣ್ಣದಾಗಬೇಕು, ಅಷ್ಟೇ ಬೇಕಿತ್ತು.

ಅವತ್ತು ದೊಡ್ಡತ್ತೆ ಕೊನೆಯ ಚೀಲದವರೆಗೂ ಎರಡೆಳೆ ಹುರಿ ಹಾಕಿ, ಹೊಲಿಗೆಯ ಮೇಲೆ ಇನ್ನೊಂದು ಹೊಲಿಗೆ ಹಾಕಿದಳು. ದಬ್ಬಣ ಕೆಳಗಿಟ್ಟು ನನ್ನ ಮುಖ ನೋಡಿದಳು.

"ಇನ್ನೇನಾದ್ರೂ ಐತೇನೇ?"

"ಏನಿಲ್ಲ ದೊಡ್ಡತ್ತೆ" ಅಂದೆ.

ತಿಂಗಳಿಗೆ ಬರಬೇಕಾದವರು ಏಳನೆಯ ದಿನವೇ ಬಂದರು. ಗಾಡಿಯಿಂದ ಮಾವನನ್ನು ನನ್ನ ಗಂಡ ತೋಳು ಕೊಟ್ಟು ಇಳಿಸಿಕೊಂಡ. ಗಡಿಯಲ್ಲಿ ಸುಂಕದವರು ಅಷ್ಟು ಬಿಗಿ ಹೊಲಿಗೆ ನೋಡಿಯೇ ಅನುಮಾನಪಟ್ಟರಂತೆ. ಕತ್ತಿಯಿಂದ ಒಂದೊಂದೇ ಚೀಲ ಸೀಳಿ, ಹುರಿಟ್ಟಿನೊಳಗೆ ಮೊಣಕೈವರೆಗೆ ಕೈ ಹಾಕಿದರಂತೆ. ಸುತ್ತ ನಿಂತವರೆಲ್ಲ ನೋಡಿದರಂತೆ. ಮಾವ ಎಲ್ಲವನ್ನೂ ಅಲ್ಲೇ ಬಿಟ್ಟರು. ಒಲೆ ಹೂಡುವುದು ಅಪ್ಪನಿಗೂ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ. ಬಂದರಿನವರೆಗೆ ಬಾಳೆಹಣ್ಣು ತಿಂದುಕೊಂಡು ಹೋದರು. ಹಡಗು ಮಾರನೆಯ ದಿನ ಸಂಜೆಗೆ ಇತ್ತು. ಆ ರಾತ್ರಿ ಮಾವನಿಗೆ ವಾಂತಿ ಭೇದಿ ಹಿಡಿಯಿತು, ಹಡಗಿನವರು ಹತ್ತಿಸಿಕೊಳ್ಳಲಿಲ್ಲ. ಹೊರಟು ಹೋದ ಹಡಗಿನ ದೀಪ ಮಾತ್ರ ಕತ್ತಲಲ್ಲಿ ಕಂಡಿತಂತೆ.

ಮಾವ ಕಟ್ಟೆಯ ಮೇಲೆ ಕೂತು ಒಂದೇ ಮಾತು ಅಂದರು. "ಅಕ್ಕಾ, ನಿನ್ನ ಬುತ್ತಿ ನಂಬ್ಕಂಡು ಹೋಗಿದ್ದೆ."

ಅವಳ ಮುಖ ಸಣ್ಣದಾದದ್ದನ್ನು ಕಣ್ತುಂಬ ನೋಡಿದೆ. ಸುಳ್ಳು ಯಾಕೆ ಬರೆಯಲಿ, ಹಬ್ಬದೂಟ ಉಂಡಷ್ಟು ಸಂತೋಷವಾಯಿತು.

ಆ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಮಾವನ ಹೊಟ್ಟೆ ಮತ್ತೆ ನೆಟ್ಟಗಾಗಲಿಲ್ಲ. ಮುಂದಿನ ಬೇಸಿಗೆಗೆ ತೀರಿಕೊಂಡರು. ಆ ಮನೆಯಲ್ಲಿ ನನ್ನನ್ನು ಮಗಳೇ ಅಂತ ಕರೆದವರು ಅವರೊಬ್ಬರೇ.

ಅವಳು ಆಮೇಲೆ ಯಾರಿಗೂ ಬುತ್ತಿ ಕಟ್ಟಲಿಲ್ಲ, ಕೇಳಿದವರೂ ಇಲ್ಲ. ನನ್ನನ್ನು ಬೈಯುವುದು ಮಾತ್ರ ನಿಲ್ಲಲಿಲ್ಲ, ನಾನೂ ತಿರುಗಿ ಅನ್ನುವುದನ್ನು ಕಲಿತೆ. ಒಂದೇ ಅಡಿಗೆಮನೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಹದಿನಾಲ್ಕು ವರ್ಷ ಕಳೆದೆವು.

ಕೊನೆಗೆ ಹಾಸಿಗೆ ಹಿಡಿದಾಗ ಗಂಜಿ ಕುಡಿಸಿದವಳು ನಾನು. ಬೇರೆ ಯಾರಿದ್ದರು? ಒಂದು ಮಧ್ಯಾಹ್ನ ಗಂಜಿ ಸಾಕೆಂದು ನನ್ನ ಕೈ ಸರಿಸಿ ಕೇಳಿದಳು:

"ಗಡಿಯಾಗೆ ಬಿಚ್ತಾರೆ ಅಂತ ನಿಂಗೆ ಗೊತ್ತಿತ್ತೇನೇ?"

ಸಾಯುವವಳ ಹತ್ತಿರ ಸುಳ್ಳು ಹೇಳಿ ಏನಾಗಬೇಕು? "ಗೊತ್ತಿತ್ತು" ಅಂದೆ.

"ಯಾರ್ ಹೇಳಿದ್ರು?"

"ಬಳೆಗಾರ್ತಿ."

ಅವಳ ಗಂಟಲಲ್ಲಿ ಸದ್ದಾಯಿತು. ಅಳು ಅಂದುಕೊಂಡೆ. ನಗು.

"ನಂಗೂ ಅವಳೇ ಹೇಳಿದ್ಲು ಕಣೇ. ಅವತ್ತೇ, ಬಾಗ್ಲಾಗೆ ನಿಂತ್ಕಂಡು. ಅದಕ್ಕೇ ಹೊಲಿಗೆ ಮೇಲೆ ಹೊಲಿಗೆ ಹಾಕ್ದೆ. ನೋಡಿ ಬ್ಯಾಸತ್ತು ಬಿಡ್ತಾರೆ ಅನ್ಕಂಡೆ."

"ಮಾವಂಗೆ ಯಾಕ್ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನ ಕರ್ಕಂಡ್ ಹೋಗ್ತಿದ್ದ."

ಮತ್ತೆ ನಾವು ಆ ಮಾತು ಎತ್ತಲಿಲ್ಲ. ಮೂರು ದಿನಕ್ಕೆ ಹೋದಳು. ಮಣ್ಣಿಗೆ ಬಂದ ಹೆಂಗಸರು "ಎಷ್ಟಾದ್ರೂ ನಿನ್ನ ತಿದ್ದಿದೋಳು, ಒಂದು ಹನಿ ಕಣ್ಣೀರು ಹಾಕಮ್ಮ" ಅಂದರು. ಹಾಕಲಿಲ್ಲ. ಮಾವನನ್ನು ನಾವಿಬ್ಬರೂ ಸೇರಿ ಕಳಿಸಿದ್ದೆವು. ಅದು ಗೊತ್ತಿದ್ದವರು ಇಬ್ಬರಿದ್ದದ್ದು ಅವತ್ತಿಗೆ ಒಬ್ಬಳಾಯಿತು. ಆ ಮನೆಯಲ್ಲಿ ನನ್ನಂಥವಳು ಇನ್ನೊಬ್ಬಳಿದ್ದರೆ ಅದು ಅವಳೇ. ಅದಕ್ಕೇ ಅವಳನ್ನು ಇವತ್ತಿಗೂ ಕ್ಷಮಿಸಿಲ್ಲ.