ಹಾಲಿನ ಸಿಸ್ಟರ್

ಆ ಹೆರಿಗೆ ಆಸ್ಪತ್ರೆಯಲ್ಲಿ ಸುಮಾಳನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಬಾಣಂತಿಯರಿಗೂ ಅವರ ಕಡೆಯವರಿಗೂ ಆಕೆ ‘ಹಾಲಿನ ಸಿಸ್ಟರ್’. ಕೂಸು ಎದೆ ಹಿಡಿಯುತ್ತಿಲ್ಲ ಎಂದು ಯಾವ ಹಾಸಿಗೆಯಿಂದ ದೂರು ಬಂದರೂ ಡಾಕ್ಟರು ಮೊದಲು ಕಳಿಸುತ್ತಿದ್ದುದು ಅವಳನ್ನೇ. ಸುಮಾ ಬಂದು ತಾಯಿಯ ಬೆನ್ನಿಗೊಂದು ದಿಂಬು ಕೊಟ್ಟು, ಮಗುವಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗುವಂತೆ ತಿರುಗಿಸಿ, ಅದರ ಕೆಳದುಟಿಗೆ ತೊಟ್ಟು ಸೋಕಿಸುತ್ತಿದ್ದಳು. ಎಂಥ ಹಟಮಾರಿ ಕೂಸೂ ಬಾಯಿ ಅಗಲಿಸಿ ಗಬಕ್ಕನೆ ಹಿಡಿದುಕೊಳ್ಳುತ್ತಿತ್ತು.

ಬಾಟಲಿ ಕಂಡರೆ ಮಾತ್ರ ಅವಳಿಗೆ ಮೈ ಉರಿಯುತ್ತಿತ್ತು. ನೋಡಲು ಬಂದವರ ಬುಟ್ಟಿಯಲ್ಲಿ ಹಾಲಿನ ಪುಡಿ ಡಬ್ಬಿಯೋ ಬಾಟಲಿಯೋ ಇಣುಕಿದರೆ ಬಾಗಿಲಲ್ಲೇ ತಡೆಯುತ್ತಿದ್ದಳು. ಆ ಹಟ ಬರೀ ಟ್ರೇನಿಂಗಿನಿಂದ ಬಂದದ್ದಲ್ಲ. ನಂಜನಗೂಡಿನ ಕಡೆಯ ಅವಳ ಊರಿನಲ್ಲಿ ಅಕ್ಕ ಕೂಲಿಗೆ ಹೋಗುವಾಗ ಕೂಸಿಗೆಂದು ಡಬ್ಬಿ ಹಾಲನ್ನು ನೀರು ನೀರಾಗಿ ಕಲಸಿ, ಸರಿಯಾಗಿ ಕುದಿಸದ ಬಾಟಲಿಯಲ್ಲಿ ಇಟ್ಟುಹೋಗುತ್ತಿದ್ದಳು. ಮಗುವಿಗೆ ಭೇದಿ ಹತ್ತಿತು, ನಿಂತಿತು, ಮತ್ತೆ ಹತ್ತಿತು. ಒಂದು ಬೇಸಿಗೆ ಅದು ಉಳಿಯಲಿಲ್ಲ. ಆಗ ಹೈಸ್ಕೂಲಿನಲ್ಲಿದ್ದ ಸುಮಾ ನರ್ಸಿಂಗ್ ಓದುತ್ತೇನೆಂದು ಹಟ ಹಿಡಿದದ್ದು ಅದಾದ ಮೇಲೆಯೇ.

ಹೀಗಾಗಿ ಮನೆಗೆ ಹೊರಡುವ ಬಾಣಂತಿಯರನ್ನು ಕೂರಿಸಿಕೊಂಡು ಪಾಠ ಹೇಳುವಾಗ ಅವಳ ದನಿಗೆ ಬೇರೆಯದೇ ಕಳೆ ಬರುತ್ತಿತ್ತು. “ತಾಯಿಹಾಲು ಕುಡಿದ ಮಗೂಗೆ ಶೀತ, ಭೇದಿ, ಕಿವಿ ಸೋರೋದು ಕಮ್ಮಿ. ಬುದ್ಧಿ ಚುರುಕಾಗುತ್ತೆ. ಹಾಲು ಸಾಲ್ತಿಲ್ಲ ಅಂತ ಯಾರೂ ಹೆದರ್ಬೇಡಿ. ಕೂಸು ಚೀಪಿದಷ್ಟೂ ಬರುತ್ತೆ. ಹಾಲು ಬರದೇ ಇರೋ ತಾಯಿ ಅಂತ ಯಾರೂ ಇಲ್ಲ.”

ಅವಳದೇ ಹೆರಿಗೆಯಾದಾಗ ವಾರ್ಡಿನವರೆಲ್ಲ ನಕ್ಕು, “ಇವಳಿಗೆ ಯಾರೂ ಏನೂ ಹೇಳಿಕೊಡೋ ಹಾಗಿಲ್ಲ” ಎಂದರು. ಹೆಣ್ಣುಮಗು. ತನುಶ್ರೀ ಎಂದು ಹೆಸರು ಮೊದಲೇ ಗೊತ್ತುಮಾಡಿದ್ದಾಗಿತ್ತು. ತನು ಚೆನ್ನಾಗಿಯೇ ಎದೆ ಹಿಡಿದಳು. ಸಿದ್ಧಾರ್ಥನಗರದ ಬಾಡಿಗೆ ಮಹಡಿಮನೆಗೆ ಬಂದ ಮೇಲೂ ಹಿಡಿದೇ ಇದ್ದಳು. ಚೀಪಿ ಚೀಪಿ ಸುಸ್ತಾಗಿ ನಿದ್ದೆ ಹೋಗುವುದು, ಕೆಳಗಿಟ್ಟ ಕೂಡಲೇ ಕಿರುಚುವುದು, ಮತ್ತೆ ಚೀಪುವುದು. ಸುಮಾಳ ಎದೆ ಭಾರವಾಗಲಿಲ್ಲ, ರವಿಕೆ ಒದ್ದೆಯಾಗಲಿಲ್ಲ. ಹಿಂಡಿದರೆ ನಾಲ್ಕು ಹನಿ.

ಅತ್ತೆ ಚಲುವಮ್ಮ ಸಬ್ಬಸಿಗೆ ಸೊಪ್ಪಿನ ಸಾರು ಮಾಡಿದರು. ಬೆಳ್ಳುಳ್ಳಿ ಹುರಿದು ಕೊಟ್ಟರು. ಮೆಂತ್ಯದ ಗಂಜಿ ಕುಡಿಸಿದರು. “ತಿನ್ನವ್ವ, ತಿನ್ನು. ನಾನು ನಮ್ ಮಾದೇವನ್ಗೆ ಅವ್ನು ಓಡಾಡೋಗಂಟ ಕುಡ್ಸಿವ್ನಿ. ಎದೆಹಾಲು ಕುಡ್ದ ಕೂಸೇ ಬ್ಯಾರೆ, ಬಾಟ್ಲಿ ಕುಡ್ದ ಕೂಸೇ ಬ್ಯಾರೆ. ಬಾಟ್ಲಿ ಕೂಸು ಮಂಕಾಯ್ತದೆ ಕಣವ್ವ.”

ಸುಮಾ ಗಂಜಿಯ ಬಟ್ಟಲು ಖಾಲಿ ಮಾಡಿದಳು. ಆ ಮಾತನ್ನು ತಾನೂ ವಾರ್ಡಿನಲ್ಲಿ ಒಂದಿಷ್ಟು ನಯವಾಗಿ ಹೇಳುತ್ತ ಬಂದವಳೇ.

ಗಂಡ ಮಹದೇವಸ್ವಾಮಿ ಸಿಟಿ ಬಸ್ಸಿನ ಕಂಡಕ್ಟರು. ಡ್ಯೂಟಿ ಮುಗಿಸಿ ಬಂದು ಮಗುವನ್ನೆತ್ತಿಕೊಂಡವನು ಒಂದು ಸಂಜೆ ಹೇಳಿದ: “ಏನೋ ಸರೀಗಿಲ್ಲ ಕಣೆ. ಮೊನ್ನೆಗಿಂತ ಹಗುರ ಆಗವ್ಳೆ. ಬಟ್ಟೇನೂ ಒದ್ದೆ ಆಯ್ತಿಲ್ಲ. ಆಸ್ಪತ್ರೆಗಾದ್ರೂ ಹೋಗ್ಬರೋಣ.”

“ಹುಟ್ಟಿದ ಮಕ್ಕಳು ಮೊದಲು ಇಳೀತವೆ, ಆಮೇಲೆ ಏರ್ತವೆ. ದಿನಾ ನೋಡೋಳು ನಾನೋ ನೀವೋ?”

“ನೀನೇ ಕಣೆ. ಅದಕ್ಕೇ ಕೇಳ್ತಾ ಇರೋದು.”

ಅವಳು ಸಿಡುಕಿ ಒಳಗೆ ಹೋದಳು. ಆದರೆ ಆಸ್ಪತ್ರೆಯ ತೂಕದ ಯಂತ್ರ ಕಣ್ಣೆದುರು ಬಂದು ನಿಂತಿತು. ಅದರ ಸುತ್ತ ನಿಲ್ಲುವ ಮುಖಗಳೂ ಬಂದವು. ತಾನು ತಡೆದು ವಾಪಸು ಕಳಿಸಿದ ಎಷ್ಟೋ ಬುಟ್ಟಿಗಳ ಅತ್ತೆಯಂದಿರು, ಅಜ್ಜಿಯರು. ನಾಳೆ ಎದೆ ತುಂಬುತ್ತದೆ ಎಂದುಕೊಂಡಳು. ಅದೇ ಮಾತನ್ನು ಮಾರನೆಯ ದಿನವೂ ಅಂದುಕೊಂಡಳು. ಒಳಗೊಳಗೇ ಏನೋ ಕುಟುಕುತ್ತಿತ್ತು. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮಗುವಿನ ಬಾಯಿಗೆ ಕಿವಿಯಿಟ್ಟು ನುಂಗುವ ಸದ್ದಿಗಾಗಿ ಕಾಯುತ್ತಿದ್ದಳು.

ಒಂದು ಬೆಳಿಗ್ಗೆ ತನು ಅಳಲೇ ಇಲ್ಲ. ಅಂಗಾಲು ಉಜ್ಜಿದರೂ ಕಣ್ಣು ಬಿಡಲಿಲ್ಲ. ತುಟಿ ಒಣಗಿತ್ತು, ಮುಖಕ್ಕೆ ಅರಿಶಿನದ ಬಣ್ಣ ಬಂದಿತ್ತು. ಮಹದೇವಸ್ವಾಮಿ ಯಾರನ್ನೂ ಕೇಳದೆ ಕೂಸನ್ನು ಎದೆಗವಚಿಕೊಂಡು ಮೆಟ್ಟಿಲಿಳಿದು ಆಟೋ ನಿಲ್ಲಿಸಿದ. ಸುಮಾ ಚಪ್ಪಲಿ ಇಲ್ಲದೆ ಹಿಂದೆ ಓಡಿದಳು.

ಮಕ್ಕಳ ಡಾಕ್ಟರು ಗಿರಿಜಾಂಬಾ ಕೂಡಲೇ ಡ್ರಿಪ್ ಹಾಕಿಸಿದರು. ಸುಮಾಳನ್ನು ಕೆಲಸಕ್ಕೆ ಸೇರಿದಾಗಿನಿಂದ ಬಲ್ಲವರು ಅವರು. ಮಧ್ಯಾಹ್ನದ ಹೊತ್ತಿಗೆ ತನು ಕೈಕಾಲಾಡಿಸಿದ ಮೇಲೆ ಸುಮಾಳನ್ನು ಒಳಗೆ ಕರೆದು ಪರೀಕ್ಷೆ ಮಾಡಿದರು.

“ಬಸುರಿಯಾಗಿದ್ದಾಗ ಎದೆ ದಪ್ಪ ಆಗಿತ್ತೇನಮ್ಮ?”

ಸುಮಾ ಯೋಚಿಸಿದಳು. ಆಗಿರಲಿಲ್ಲ. ನೂರಾರು ಹೆಂಗಸರ ಎದೆ ನೋಡಿದವಳು ತನ್ನದನ್ನು ನೋಡಿಕೊಂಡಿರಲೇ ಇಲ್ಲ.

“ಹಾಲಿನ ಗ್ರಂಥಿಗಳು ನಿನಗೆ ಪೂರ್ತಿ ಬೆಳೆದಿಲ್ಲ. ಕೆಲವರಿಗೆ ಹೀಗಿರತ್ತೆ. ಅಪರೂಪ, ಆದರೆ ಇರತ್ತೆ. ನೀನು ಏನು ತಿಂದರೂ ಎಷ್ಟು ಹೊತ್ತು ಚೀಪಿಸಿದರೂ ಅದು ಸಾಲೋದಿಲ್ಲ. ಬರುವಷ್ಟು ಕೊಡು, ಮಿಕ್ಕಿದ್ದಕ್ಕೆ ಪುಡಿ ಹಾಲು ಶುರುಮಾಡು. ಇವತ್ತೇ.”

“ಬೇರೆ ದಾರಿ ಇಲ್ವಾ ಮೇಡಂ?”

“ಇವತ್ತು ನಿನ್ನ ಮಗಳಿಗಿದ್ದ ದಾರಿ ಇದೊಂದೇ ಸುಮಾ. ಇನ್ನೊಂದು ದಿನ ತಡ ಮಾಡಿದ್ದರೆ ಇದೂ ಇರ್ತಿರಲಿಲ್ಲ.”

ಕೊಕ್ಕಿನಂಥ ಮೂತಿಯ ಒಳಲೆಯಲ್ಲಿ ಮೊದಲ ಸಲ ಹಾಲು ಹೊಯ್ದಾಗ ತನು ನಾಲಗೆ ಚಾಚಿ ಚಾಚಿ ಕುಡಿದಳು. ಕುಡಿದು, ಹುಟ್ಟಿದಾಗಿನಿಂದ ಬಿಗಿದುಕೊಂಡಿದ್ದ ಮುಷ್ಟಿ ಬಿಚ್ಚಿ ಮಲಗಿದಳು. ಇಷ್ಟು ದಿನ ಮಗು ಹಸಿದಿತ್ತು ಎಂಬುದು ಸುಮಾಳಿಗೆ ಆ ಬಿಚ್ಚಿದ ಬೆರಳುಗಳನ್ನು ನೋಡಿದಾಗಲೇ ಪೂರ್ತಿ ಅರ್ಥವಾದದ್ದು. ಗೋಡೆ ಕಡೆ ತಿರುಗಿ ಅತ್ತಳು.

ಸ್ವಲ್ಪ ದಿನಕ್ಕೆ ಒಳಲೆ ಸಾಲದೆ ಬಾಟಲಿ ಬಂತು. ಚಲುವಮ್ಮ ಎರಡು ದಿನ ಸೊಸೆಯೊಂದಿಗೆ ಮಾತಾಡಲಿಲ್ಲ. ಆಮೇಲೆ ತಾವೇ ನೀರು ಕುದಿಸಿ ಬಾಟಲಿ ಅದ್ದಲು ಶುರುಮಾಡಿದರು. ತನು ಕೆನ್ನೆ ತುಂಬಿಕೊಂಡಳು. ಸುಮಾಳ ಒಳಗಿನ ಕುಟುಕು ಮಾತ್ರ ನಿಲ್ಲಲಿಲ್ಲ. ಬಸ್ಸಿನಲ್ಲೋ ನೆಂಟರ ಮನೆಯಲ್ಲೋ ಮಗು ಅತ್ತರೆ ಸೆರಗು ಹೊದ್ದು, ಒಳಗಿನಿಂದ ಬಾಟಲಿ ಹಿಡಿದು ಕುಡಿಸುತ್ತಿದ್ದಳು. ನೋಡಿದವರು ಎದೆಹಾಲು ಕೊಡುತ್ತಿದ್ದಾಳೆಂದೇ ತಿಳಿದು ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದರು. ಚುಚ್ಚುಮದ್ದಿಗೆ ಬಂದಾಗ ಸಹೋದ್ಯೋಗಿಗಳು “ಹಾಲು ಚೆನ್ನಾಗಿ ಬರ್ತಿದೆಯಾ?” ಎಂದರೆ “ಹೂಂ” ಎನ್ನುವಳು. ತನುಗೆ ಕಾಮಾಲೆಯಾಗಿತ್ತೆಂದಷ್ಟೇ ಅವರಿಗೆ ಗೊತ್ತಿತ್ತು, ಹಾಲಿನ ವಿಷಯ ಗಿರಿಜಾಂಬಾ ಯಾರಿಗೂ ಹೇಳಿರಲಿಲ್ಲ.

ರಜೆ ಮುಗಿದು ಕೆಲಸಕ್ಕೆ ಬಂದ ಮೇಲೆ ಪಾಠ ಮತ್ತೆ ಅವಳ ಪಾಲಿಗೇ ಬಂತು. ಬಾಯಿ ಹಳೆಯ ಮಾತನ್ನೇ ಹೇಳುತ್ತಿತ್ತು. ‘ಬುದ್ಧಿ ಚುರುಕಾಗುತ್ತೆ’ ಎಂಬಲ್ಲಿ ಮಾತ್ರ ದನಿ ತಗ್ಗಿಸಿ ಬೇಗ ದಾಟಿಬಿಡುತ್ತಿದ್ದಳು. ಮನೆಗೆ ಬಂದರೆ ಕೈಕಾಲು ತೊಳೆಯುವ ಮುಂಚೆಯೇ ಮಗುವಿನ ಪರೀಕ್ಷೆ. ಬೆನ್ನ ಹಿಂದೆ ಚಪ್ಪಾಳೆ ತಟ್ಟಿ ತಿರುಗುತ್ತಾಳೋ ಎಂದು ನೋಡುವುದು. ಗಿಲಕಿಯನ್ನು ಆ ಕಡೆ ಈ ಕಡೆ ಆಡಿಸುವುದು. ಕೆಳಗಿನ ಮನೆಯ ಗಂಡುಮಗು ತನುಗಿಂತ ಚಿಕ್ಕದು, ಎದೆಹಾಲಿನ ಕೂಸು. ಅದಾಗಲೇ ಅಂಬೆಗಾಲಿಡುತ್ತ ತನ್ನ ಮನೆಯ ಹೊಸಿಲ ತನಕ ಬರುತ್ತಿತ್ತು. ತನು ಕೂತಲ್ಲೇ ಕೂತು ಬೊಚ್ಚುಬಾಯಲ್ಲಿ ನಗುತ್ತಿದ್ದಳು. ಒಂದು ಶೀತವಾದರೆ ಬಾಟಲಿ, ಒಂದು ದಿನ ಮಂಕಾಗಿದ್ದರೆ ಬಾಟಲಿ, ಎಲ್ಲಕ್ಕೂ ಸುಮಾಳಿಗೆ ಕಾರಣ ಒಂದೇ.

“ಅಂಗ್ ನೋಡ್ಬೇಡ ಕಣವ್ವ ಮಗೀನ” ಎಂದು ಚಲುವಮ್ಮ ಗದರಿದರು. “ಹೆತ್ತೋಳ ದಿಟ್ಟೀನೂ ತಾಕ್ತದೆ.”

“ಬಾಟ್ಲಿ ಕೂಸು ಮಂಕಾಯ್ತದೆ ಅಂದಿದ್ದು ನೀವೇ ಅಲ್ವಾ ಅತ್ತೆ?”

ಚಲುವಮ್ಮ ಬಾಟಲಿ ತೊಳೆಯುತ್ತಿದ್ದವರು ಕೈ ನಿಲ್ಲಿಸಿದರು. “ಅಂದೆ ಬುಡು. ಆಗ ಬಾಟ್ಲಿ ಕುಡ್ದು ಹಿಂಗ್ ನಗೋ ಈ ಕೂಸ್ನ ಕಂಡಿದ್ನಾ ನಾನು?”

ಹೀಗಿರುವಾಗ ವಾರ್ಡಿಗೆ ರಂಜನಿ ಬಂದಳು. ಚಾಮರಾಜಪುರಂ ಕಡೆಯವಳು, ಕಾಲೇಜಿನಲ್ಲಿ ಪಾಠ ಹೇಳುವವಳು. ಹೆರಿಗೆಗೆ ಮೊದಲೇ ಸುಮಾಳ ಪಾಠಕ್ಕೆ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದವಳು. ಗಂಡುಮಗುವಾಯಿತು. ಮೊದಲೆರಡು ದಿನ ಕಳೆದರೂ ಹಾಲಿಳಿಯಲಿಲ್ಲ. ಸುಮಾ ರೌಂಡಿಗೆ ಹೋದಾಗ ಮಗು ಎದೆ ಕಚ್ಚಿಕೊಂಡೇ ನಿದ್ದೆ ಹೋಗಿತ್ತು. ರಂಜನಿಯ ಅತ್ತೆ ಪಂಕಜಾ ಕಿಟಕಿಯ ಬಳಿ ಆತಂಕದಿಂದ ನಿಂತಿದ್ದರು.

“ಸ್ವಲ್ಪ ಬೇರೆ ಹಾಲು ಕೊಡಬಹುದೇನೋ ಅಂದೆ ಸಿಸ್ಟರ್. ಇವಳು ಬೇಡವೇ ಬೇಡ ಅಂತಾಳೆ” ಎಂದರು ಪಂಕಜಾ.

“ನೀವೇ ಹೇಳಿದ್ರಲ್ಲ ಸಿಸ್ಟರ್” ರಂಜನಿಯ ಕಣ್ಣುಗಳು ಕೆಂಪಾಗಿದ್ದವು. “ಹಾಲು ಬರದೇ ಇರೋ ತಾಯಿ ಯಾರೂ ಇಲ್ಲ ಅಂತ. ನಾನು ಕಾಯ್ತೀನಿ.”

ಸುಮಾ ಮಗುವಿನ ಬಟ್ಟೆ ಮುಟ್ಟಿ ನೋಡಿದಳು. ಒಣಗಿತ್ತು. ತುಟಿ ಮುಟ್ಟಿದಳು. ಅಂಗಾಲು ಉಜ್ಜಿದಳು. ಮಗು ಮುಖ ಕಿವುಚಿ, ದನಿಯಿಲ್ಲದೆ ಅತ್ತು, ಮತ್ತೆ ಮಲಗಿತು. ಮಗುವನ್ನೆತ್ತಿಕೊಂಡು ಹೋಗಿ ತೂಕ ಹಾಕಿದಳು. ಬಹಳ ಇಳಿದಿತ್ತು. ಪುಡಿ ಹಾಲು ಕೊಡಲೇಬೇಕು ಎಂದಳು.

ವಾರ್ಡಿನ ಮೇಲ್ವಿಚಾರಕಿ ಸರ್ವಮಂಗಳಾ ಅಡ್ಡ ಬಂದರು. “ಇನ್ನೊಂದು ದಿನ ನೋಡೋಣ ಸುಮಾ. ಎಲ್ಲಾ ಬಿಟ್ಟು ನೀನು ಪುಡಿ ಹಾಲು ಅಂತೀಯಲ್ಲ! ಒಂದು ಸಲ ಕೊಟ್ಟರೆ ಅದೇ ಅಭ್ಯಾಸ ಆಗತ್ತೆ ಅಂತ ಹೇಳಿಕೊಡೋಳೇ ನೀನು.”

“ಇನ್ನೊಂದು ದಿನ ಬೇಡ ಮೇಡಂ. ಡಾಕ್ಟರಿಗೆ ಫೋನ್ ಮಾಡ್ತಿದೀನಿ.”

ಗಿರಿಜಾಂಬಾ ಬಂದು ನೋಡಿ, ಪುಡಿ ಹಾಲು ಕೊಡುವಂತೆ ಚೀಟಿ ಬರೆದರು. ಸುಮಾ ಒಳಲೆಯಲ್ಲಿ ಕುಡಿಸುವಾಗ ರಂಜನಿ ಮುಖ ಮುಚ್ಚಿಕೊಂಡಳು.

“ಮೊದಲನೇ ಕೆಲಸದಲ್ಲೇ ಸೋತೆ ನಾನು. ತಾಯಿ ಆಗೋಕೇ ಬರಲಿಲ್ಲ.”

“ಹಾಗನ್ಬೇಡಿ ರಂಜನಿ. ನನ್ನ ಮಗಳೂ ಬಾಟಲಿ ಹಾಲೇ ಕುಡಿಯೋದು.”

ಮಾತು ಬಾಯಿಂದ ಬಿದ್ದಾದ ಮೇಲೆ ಸುಮಾಳಿಗೇ ಬೆಚ್ಚಿದಂತಾಯಿತು. ಹಿಂದೆ ನಿಂತಿದ್ದ ಸರ್ವಮಂಗಳಾ ಕನ್ನಡಕದ ಮೇಲಿಂದ ನೋಡಿದರು.

“ನನಗೆ ಹಾಲು ಬರಲೇ ಇಲ್ಲ. ಬರುತ್ತೆ ಬರುತ್ತೆ ಅಂತ ಕಾದು, ಮಗು ಕೈತಪ್ಪೋದ್ರಲ್ಲಿತ್ತು. ಹಾಲು ಬರದೇ ಇರೋ ತಾಯಿ ಇಲ್ಲ ಅಂದಿದ್ನಲ್ಲ, ಅದು ತಪ್ಪು. ನಿಮಗೆ ಬರಬಹುದು, ಪ್ರತಿ ಸಲ ಮೊದಲು ಎದೆಗೇ ಹಾಕೋಣ. ಆದರೆ ಮಗು ಹಸ್ಕೊಂಡು ಕಾಯೋದು ಬೇಡ.”

ರಂಜನಿ ಮುಖದಿಂದ ಕೈ ತೆಗೆದು ಕೇಳಿದಳು: “ನಿಮ್ಮ ಮಗಳು ಹೇಗಿದಾಳೆ ಸಿಸ್ಟರ್? ಬುದ್ಧಿಗೆಲ್ಲ ಏನೂ ತೊಂದರೆ ಇಲ್ಲ ತಾನೆ?”

ಸುಮಾ ಒಳಲೆ ಕೆಳಗಿಟ್ಟಳು. “ನಗ್ತಾಳೆ. ಕರೆದರೆ ತಿರುಗ್ತಾಳೆ. ಇನ್ನೂ ಅಂಬೆಗಾಲಿಟ್ಟಿಲ್ಲ. ಅದಕ್ಕೆ ಹಾಲು ಕಾರಣವೋ ಅಲ್ವೋ, ನನಗೆ ಗೊತ್ತಿಲ್ಲ. ದಿನಾ ನೋಡ್ತಾನೇ ಇದೀನಿ.”

ಅದೇ ವಾರ ರಂಜನಿಗೆ ಎದೆ ತುಂಬಿ ಬಂತು. ತಡವಾಗಿ ಬಂದರೂ ಧಾರಾಳವಾಗಿ ಬಂತು. ಒಳಲೆ ಮೂಲೆ ಸೇರಿತು. ಅವಳು ಸುಮಾಳ ಕೈ ಹಿಡಿದು ಥ್ಯಾಂಕ್ಸ್ ಹೇಳುವಾಗ ರವಿಕೆಯ ಮೇಲೆ ಹಾಲಿನ ಒದ್ದೆ ಹರಡಿತ್ತು. ಸುಮಾ ನಕ್ಕಳು. ನಗುತ್ತಲೇ ಹೊರಗೆ ಬಂದು, ಕಾರಿಡಾರಿನ ಕೊನೆಯ ತನಕ ಸುಮ್ಮನೆ ನಡೆದು ಹೋಗಿ ಮತ್ತೆ ವಾಪಸು ಬಂದಳು. ಹೊಟ್ಟೆಕಿಚ್ಚು ಎಂದು ಅದಕ್ಕೆ ಹೆಸರಿಡಲು ಅವಳಿಗೆ ಇಷ್ಟವಿರಲಿಲ್ಲ, ಆದರೆ ಅದು ಅದೇ ಆಗಿತ್ತು.

ಸರ್ವಮಂಗಳಾ ಕೆಲವು ದಿನ ಬಿಗುವಾಗಿದ್ದರು. ಪಾಠವನ್ನು ಬೇರೆಯವರಿಗೆ ಕೊಡಬೇಕೆಂಬ ಮಾತೂ ಬಂತು. ಗಿರಿಜಾಂಬಾ ಒಪ್ಪಲಿಲ್ಲ. ಸುಮಾ ಈಗಲೂ ತಾಯಿಹಾಲೇ ಮೊದಲು ಎನ್ನುತ್ತಾಳೆ, ಅದರಲ್ಲಿ ಅವಳಿಗೆ ಅನುಮಾನವಿಲ್ಲ. ಅದರ ಜೊತೆಗೆ ಮಗುವಿನ ಬಟ್ಟೆ ಎಷ್ಟು ಒದ್ದೆಯಾಗಬೇಕು, ಯಾವಾಗ ಕಾಯದೆ ಓಡಿಬರಬೇಕು, ಬಾಟಲಿ ಕೊಡಲೇಬೇಕಾದವರು ಅದನ್ನು ಹೇಗೆ ಕುದಿಸಬೇಕು, ಪುಡಿಯನ್ನು ಯಾಕೆ ತೆಳ್ಳಗೆ ಕಲಸಬಾರದು ಎಂದೂ ಹೇಳುತ್ತಾಳೆ. ಆ ಕೊನೆಯ ಮಾತು ಹೇಳುವಾಗ ಅಕ್ಕನ ಮನೆಯ ಅಂಗಳ ನೆನಪಾಗುತ್ತದೆ. ಅದನ್ನು ಯಾರಿಗೂ ಹೇಳುವುದಿಲ್ಲ.

ತನು ಅಂಬೆಗಾಲಿಡಲೇ ಇಲ್ಲ. ಕೂತಂತೆಯೇ ಕುಂಡೆಯ ಮೇಲೆ ಜರುಗುತ್ತ ಮನೆಯೆಲ್ಲ ಸುತ್ತಿದಳು. ಗಿರಿಜಾಂಬಾ ನೋಡಿ ನಕ್ಕು, “ಹೀಗೂ ಮಕ್ಕಳು ಇರ್ತಾವೆ, ಹಾಲಿಗೂ ಇದಕ್ಕೂ ಗಂಟು ಹಾಕಬೇಡ” ಎಂದರು. ಸುಮಾ ತಲೆಯಾಡಿಸಿದಳು, ಮನಸ್ಸು ಒಪ್ಪಲಿಲ್ಲ. ತನುಗೆ ಮಾತು ಮಾತ್ರ ಬೇಗ ಬಂತು. ಅದೂ ಅಪ್ಪಟ ಚಲುವಮ್ಮನ ಮಾತು. ದಿನವಿಡೀ ಬಾಟಲಿ ಹಿಡಿದು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಊರಿನ ದನಕರು, ಹೊಳೆ, ನೆಂಟರ ಸುದ್ದಿಯನ್ನೆಲ್ಲ ಅದಕ್ಕೆ ಒಪ್ಪಿಸುತ್ತಿದ್ದವರು ಅವರೇ ತಾನೆ. “ಬುಡು” ಎಂದಿತು ಮಗು ಒಂದು ದಿನ, ಬಾಚಣಿಗೆ ಹಿಡಿದು ಬಂದ ಅಮ್ಮನಿಗೆ. ಮಹದೇವಸ್ವಾಮಿ ಬಿದ್ದು ಬಿದ್ದು ನಕ್ಕ.

ಕೆಳಗಿನ ಮನೆಯ ಹುಡುಗ ಓಡಾಡತೊಡಗಿ ಎಷ್ಟೋ ಕಾಲವಾದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ತನು ಗೋಡೆ ಬಿಟ್ಟು ಎದ್ದು ನಿಂತಳು. ಸುಮಾ ಈ ಕಡೆ, ಚಲುವಮ್ಮ ಆ ಕಡೆ. ಇಬ್ಬರೂ ಕೈ ಚಾಚಿದರು. ಮಗು ತೂರಾಡಿ ಸುಮಾಳ ಕಡೆ ಒಮ್ಮೆ ನೋಡಿತು. ನೋಡಿ, ತಿರುಗಿ, ಎದೆ ಮುಂದೆ ಮಾಡಿಕೊಂಡು ಅಜ್ಜಿಯ ಮಡಿಲಿಗೆ ಹೋಗಿ ಬಿದ್ದಿತು.

“ನೋಡ್ದಾ? ನಡುದ್ಬುಟ್ಲು!” ಚಲುವಮ್ಮನ ಕಣ್ಣಲ್ಲಿ ನೀರು. ಮರುಕ್ಷಣ ಸೊಸೆಯ ಮುಖ ನೋಡಿ, ಮಗುವನ್ನು ಎತ್ತಿ ಅವಳ ಕಡೆ ತಿರುಗಿಸಿ ನಿಲ್ಲಿಸಿದರು. “ಹೋಗವ್ವ, ನಿಮ್ಮವ್ವನ ತಾವ್ಕೆ.”

ತನು ಹೋಗಲಿಲ್ಲ. ಅಜ್ಜಿಯ ಸೆರಗು ಹಿಡಿದು ನಕ್ಕಳು.

“ಇರಲಿ ಬಿಡಿ ಅತ್ತೆ” ಎಂದಳು ಸುಮಾ. ಖುಷಿಯಾಗಿತ್ತು, ನಿಜವಾಗಿಯೂ ಆಗಿತ್ತು. ಆದರೂ ಚಾಚಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ, ಮಗು ಹೆಜ್ಜೆ ಸರಿಯಾಗಿ ಊರುತ್ತಿದೆಯೇ, ಪಾದ ಒಳಕ್ಕೆ ತಿರುಗಿಲ್ಲವೇ ಎಂದು ಬಗ್ಗಿ ನೋಡತೊಡಗಿದಳು.