ಒಂದೇ ಮೀಟರಿಗೆ ಜಾಗ

ನನ್ನ ತಂಗಿಯ ಕಾರಿನ ಟರ್ಬೊ ಕೆಟ್ಟದ್ದು ಗೌರವದ ಕಾರಣದಿಂದ. ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಆ ಪುಟ್ಟ ಚಕ್ರ ಸುಡುವ ಹೊಗೆಯ ಬಲದಿಂದಲೇ ತಿರುಗುತ್ತದೆ. ಭಾರ ಹೊತ್ತು ವೇಗವಾಗಿ ಬಂದ ಗಾಡಿಯನ್ನು ನಿಲ್ಲಿಸಿದ ಕೂಡಲೇ ಬಂದ್ ಮಾಡಿದರೆ ಅದರೊಳಗಿನ ಎಣ್ಣೆ ಅಲ್ಲೇ ಸೀದು ಕರಿಗಟ್ಟುತ್ತದೆ. ಆದ್ದರಿಂದ ಎಂಜಿನ್ನನ್ನು ಸ್ವಲ್ಪ ಹೊತ್ತು ಸುಮ್ಮನೆ ಓಡಲು ಬಿಡಬೇಕು. ತಂಗಿಗೆ ಇದು ಗೊತ್ತಿತ್ತು. ಆದರೆ ತಿಕೋಟಾದಲ್ಲಿ ಅವಳ ಗಂಡನ ಮನೆ ದೊಡ್ಡ ರಸ್ತೆಗೆ ಅಂಟಿಕೊಂಡಿದೆ; ಗಾಡಿಯ ಸದ್ದು ಕೇಳಿದೊಡನೆ ಅವಳ ಮಾವ ಗೇಟಿಗೆ ಬಂದು ನಿಲ್ಲುತ್ತಾರೆ. ಹಿರಿಯರು ನಿಂತಿರುವಾಗ ಸೊಸೆ ಕುಳಿತಿರುವಂತಿಲ್ಲ. ಇಳಿ ಎಂದು ಅವರು ಎಂದೂ ಹೇಳಿದವರಲ್ಲ. ನಿಲ್ಲುತ್ತಾರೆ, ಅಷ್ಟೆ. ಇವಳು ಕೀಲಿ ತಿರುವಿ, ತಲೆಯ ಮೇಲೆ ಸೆರಗು ಎಳೆದುಕೊಂಡು ಇಳಿಯುತ್ತಾಳೆ. ಎಣ್ಣೆ ಸೀಯುತ್ತದೆ.

ಹೊಸ ಟರ್ಬೊ ಕೂರಿಸಿದ ದಿನ ಮಾವ ಒಂದೇ ಮಾತು ಹೇಳಿದ್ದರು: ಇನ್ನೊಮ್ಮೆ ಹೋದರೆ ಕಾರು ಮಾರುವುದು, ಅವಳು ಅದರಲ್ಲಿ ಸಾಗಿಸುವ ಒಣದ್ರಾಕ್ಷಿಯ ಪೆಟ್ಟಿಗೆಗಳನ್ನು ಕಳ್ಳಕವಟಗಿ ಊರಿನ ಟೆಂಪೊದವನಿಗೆ ಒಪ್ಪಿಸುವುದು. ಅವನಿಗೆ ಆಗಲೇ ಹೇಳಿಯೂ ಇಟ್ಟಿದ್ದರು. ವಿಜಯಪುರದ ವ್ಯಾಪಾರಿಗಳ ಎದುರು ಕುಳಿತು ತಾನೇ ದರ ಮಾತಾಡುವ ತಂಗಿಗೆ, ಆ ಕಾರು ಹೋದರೆ ಆ ಕುರ್ಚಿಯೂ ಹೋಗುತ್ತಿತ್ತು.

"ಮಾವಾರಿಗೆ ಹೇಳಿದಿಯೇನ ಬೇ?" ಎಂದು ಕೇಳಿದೆ.

"ಹೇಳೇನಿ ಅಕ್ಕಾ. ಹೂಂ ಅಂದ್ರು. ಮರುದಿನ ಮತ್ತ ಬಂದು ನಿಂತ್ರು."

ಎಂಜಿನ್ನಿನ ಸ್ಥಿತಿ ತೋರಿಸುವ ಮೀಟರೊಂದನ್ನು ಕಾರಿಗೆ ಕೊಳ್ಳುವ ಯೋಚನೆ ಅವಳದೇ. ವಿಜಯಪುರದಲ್ಲಿ ಕಾರಿನ ಅಲಂಕಾರದ ಸಾಮಾನು ಮಾರುವ ಅಂಗಡಿಯೊಂದಕ್ಕೆ ಇಬ್ಬರೂ ಹೋದೆವು. ಅಂಗಡಿಯವನು ನಮ್ಮ ಬೆನ್ನ ಹಿಂದಿನ ಬಾಗಿಲನ್ನು ನೋಡುತ್ತ ಕೇಳಿದ, "ಸಾಹೇಬರು ಬರಲಿಲ್ಲೇನ್ರಿ?"

"ಸಾಹೇಬರಿಗೆ ಗಾಡಿ ಹೊಡಿಯಾಕ ಬರೂದಿಲ್ಲರಿ," ಎಂದಳು ತಂಗಿ.

ಕೊಳ್ಳುವವಳು ಎದುರಿಗೇ ಇರುವಾಗ ಕಾಣದ ಗಂಡಸಿನೊಡನೆ ವ್ಯವಹರಿಸುವುದು ತಪ್ಪೆಂದು ನಾನು ಅವನಿಗೆ ವಿವರಿಸಿದೆ. ಅವನು ತಲೆಯಾಡಿಸಿ, ಮೂರು ಮೀಟರುಗಳು ಒಂದರ ಮೇಲೊಂದು ಕೂರುವ ಚೌಕಟ್ಟನ್ನು ಮೇಜಿನ ಮೇಲಿಟ್ಟ. ಅದನ್ನು ಮುಂದಿನ ಗಾಜಿನ ಪಕ್ಕದ ಕಂಬಕ್ಕೆ ಜೋಡಿಸುತ್ತಾರಂತೆ. ತಿರುವಿನಲ್ಲಿ ರಸ್ತೆ ದಾಟುವವರು ಆ ಕಂಬದ ಮರೆಗೆ ಮೊದಲೇ ಸಿಕ್ಕಿಕೊಳ್ಳುತ್ತಾರೆ. ಅದನ್ನು ಇನ್ನಷ್ಟು ದಪ್ಪ ಮಾಡುವುದು ಪಾದಚಾರಿಗಳ ಮೇಲಿನ ಅನ್ಯಾಯ. ಈ ಒಂದು ಮಾತನ್ನು ತಂಗಿ ಒಪ್ಪಿದಳು. ಹಾಗಾಗಿ ಡ್ಯಾಶ್‌ಬೋರ್ಡಿನ ಮೇಲೆ ಒಂದೇ ಮೀಟರಿಗೆ ಜಾಗ ಉಳಿಯಿತು.

ಅಂಗಡಿಯವನು ಟರ್ಬೊದ ಗಾಳಿಯ ಒತ್ತಡ ತೋರಿಸುವ ಬೂಸ್ಟ್ ಮೀಟರನ್ನು ಮುಂದೆ ಸರಿಸಿದ. "ಹುಡುಗ್ರೆಲ್ಲಾ ಇದನ್ನ ಒಯ್ತಾರ್ರಿ. ಆಕ್ಸಿಲೇಟರ್ ಒತ್ತಿದ್ರ ಮುಳ್ಳು ಹೆಂಗ ಕುಣಿತೈತಿ ನೋಡ್ರಿ."

"ಕುಣದ್ರ ಏನ್ ಗೊತ್ತಾಕ್ಕೈತ್ರಿ?" ಎಂದು ತಂಗಿ ಕೇಳಿದಳು.

"ಕುಣ್ಯಾಕತ್ತೈತಿ ಅಂತ ಗೊತ್ತಾಕ್ಕೈತ್ರಿ."

ನನ್ನ ಆಯ್ಕೆ ಎಣ್ಣೆಯ ಒತ್ತಡದ ಮೀಟರ್. ಕಾರು ತಯಾರಿಸಿದವರು ಎಣ್ಣೆಯ ವಿಚಾರದಲ್ಲಿ ಮಾಲೀಕರಿಗೆ ಕೊಟ್ಟಿರುವುದು ಒಂದು ಕೆಂಪು ದೀಪ; ಅದು ಹೊತ್ತುವ ಹೊತ್ತಿಗೆ ಹಾನಿ ಮುಗಿದಿರುತ್ತದೆ. ಅನಾಹುತದ ಮುನ್ಸೂಚನೆಯನ್ನು ಅಡಗಿಸಿ ಅನಾಹುತವನ್ನಷ್ಟೇ ಪ್ರಕಟಿಸುವ ವ್ಯವಸ್ಥೆಯನ್ನು ನಾನು ಬೇರೆ ಕಡೆಗಳಲ್ಲೂ ವಿರೋಧಿಸಿದ್ದೇನೆ. ಇದನ್ನು ಅಂಗಡಿಯಲ್ಲಿ ಹೇಳಿದೆ.

ತಂಗಿ ಪೂರ್ತಿ ಕೇಳಿಸಿಕೊಂಡಳು. "ಖರೆ ಅಕ್ಕಾ. ಆದ್ರ ಅದು ನನಗ ಹೇಳತೈತಿ. ಮಾವಾರಿಗೆ ಏನೂ ಹೇಳೂದಿಲ್ಲ." ಆಮೇಲೆ ಅಂಗಡಿಯವನಿಗೆ, "ಹೊಗಿ ಎಷ್ಟು ಬಿಸಿ ಐತಿ ಅಂತ ತೋರಸೂದು ಐತೇನ್ರಿ? ನಿಂತ ಮ್ಯಾಲ ಮುಳ್ಳು ಸಾವಕಾಶ ಕೆಳಗ ಬರಬೇಕು. ದೂರಿಂದ ಕಾಣಬೇಕು."

ಇತ್ತು. ಒಂದು ಫ್ಯಾರನ್‌ಹೀಟಿನದು, ಒಂದು ಸೆಲ್ಸಿಯಸ್ಸಿನದು. "ಫ್ಯಾರನ್‌ಹೀಟ್ ಒಯ್ರಿ, ಅದ ರೊಕ್ಕಕ್ಕ ನಂಬರ್ ದೊಡ್ಡು ಬರ್ತಾವ," ಎಂದ ಅಂಗಡಿಯವನು. ಈ ದೇಶದಲ್ಲಿ ಯಾವ ಶಾಲೆಯೂ ಅಡುಗೆಮನೆಯೂ ಬಳಸದ ಅಳತೆಯನ್ನು ಮಾರುವುದು ಗ್ರಾಹಕರನ್ನು ಕತ್ತಲಲ್ಲಿಡುವ ಉಪಾಯವೆಂದು ಹೇಳಿ, ಸೆಲ್ಸಿಯಸ್ಸಿನದನ್ನು ಕಟ್ಟಿಸಿಕೊಂಡೆವು. ಕೀಲಿ ತೆಗೆದ ಮೇಲೂ ಎಂಜಿನ್ ಓಡುವಂತೆ ಮಾಡುವ ಪೆಟ್ಟಿಗೆಯೊಂದನ್ನೂ ಅವನು ತೋರಿಸಿದ. ಯಾರೂ ಇಲ್ಲದ ಗಾಡಿ ಅಂಗಳದಲ್ಲಿ ಗುರುಗುಟ್ಟುತ್ತ ನಿಂತಿದ್ದರೆ ಮಕ್ಕಳಿಗೆ ಅಪಾಯ. ಬೇಡವೆಂದೆವು.

ಗ್ಯಾರೇಜಿನಲ್ಲಿ ಇನ್ನೊಂದು ವಾದವಾಯಿತು. ಮೀಟರನ್ನು ಎಡಗಡೆಯ ಕಿಟಕಿಗೆ ಮುಖಮಾಡಿ ಕೂರಿಸಲು ತಂಗಿ ಹೇಳಿದಳು, ಏಕೆಂದರೆ ಗೇಟು ಬರುವುದು ಆ ಕಡೆಗೆ. ಚಾಲಕರ ಉಪಕರಣವು ಚಾಲಕರಿಗೆ ಕಾಣಬೇಕೆಂಬ ಕನಿಷ್ಠ ತತ್ವವನ್ನು ನಾನು ಬಿಟ್ಟುಕೊಡಲಿಲ್ಲ. ಕೊನೆಗೆ ಮೆಕ್ಯಾನಿಕ್ ಅದನ್ನು ಡ್ಯಾಶ್‌ಬೋರ್ಡಿನ ನಡುವೆ ಕೂರಿಸಿದ. ಇಬ್ಬರಿಗೂ ಅರ್ಧರ್ಧ ಕಾಣುತ್ತಿತ್ತು.

ಮೊದಲ ಪ್ರಯಾಣಕ್ಕೆ ನಾನೂ ಹೋದೆ. ಬಬಲೇಶ್ವರದಲ್ಲಿ ಪೆಟ್ಟಿಗೆಗಳನ್ನು ತುಂಬಿಕೊಂಡು ತಿಕೋಟಾ ಮುಟ್ಟುವಾಗ ಮುಳ್ಳು ಮೇಲ್ಭಾಗದಲ್ಲಿತ್ತು. ಮಾವ ಗೇಟಿನಲ್ಲಿ ನಿಂತಿದ್ದರು. ತಂಗಿ ಸೆರಗು ಎಳೆದುಕೊಂಡಳು. ಕೈ ಕೀಲಿಯವರೆಗೆ ಹೋಯಿತು, ಮರಳಿ ತೊಡೆಯ ಮೇಲೆ ಬಂತು. ಎಂಜಿನ್ ಓಡುತ್ತಲೇ ಇತ್ತು. ಮಾವ ಕಾದರು. ಆಮೇಲೆ ಎಡಗಡೆಯ ಕಿಟಕಿಗೆ ಬಂದು ಬಗ್ಗಿದರು.

"ಯಾಕ, ಆರಾಮ ಇಲ್ಲೇನು?"

"ಆರಾಮ ಅದೀನ್ರಿ ಮಾವಾರ. ಆ ಮುಳ್ಳು ಕೆಳಗ ಬರೂತನಾ ಬಂದ್ ಮಾಡಬಾರದ್ರಿ." ಅವಳ ದನಿ ಸಣ್ಣದಾಗಿತ್ತು.

ಗೌರವವು ನಿಲ್ಲುವುದರಲ್ಲಾಗಲಿ ಕೂರುವುದರಲ್ಲಾಗಲಿ ಇಲ್ಲವೆಂಬ ಮಾತನ್ನು ನಾನು ಬಬಲೇಶ್ವರದಿಂದಲೇ ಸಿದ್ಧಪಡಿಸಿಕೊಂಡಿದ್ದೆ. ಬಾಯಿ ತೆರೆಯುವುದರೊಳಗೆ ಅವರು ಬಾಗಿಲು ತೆರೆದರು. "ಅಕ್ಕಾರ, ಸ್ವಲ್ಪ ಇಳೀರಿ."

ಇಳಿದೆ. ಅವರು ನನ್ನ ಜಾಗದಲ್ಲಿ ಕುಳಿತು ಬಾಗಿಲು ಹಾಕಿಕೊಂಡರು. ಈಗ ಮಾವ ಕುಳಿತಿದ್ದರು, ಆದ್ದರಿಂದ ಸೊಸೆಯೂ ಕುಳಿತಿರಬಹುದಿತ್ತು. ನಿಂತವಳು ನಾನೊಬ್ಬಳೇ. ತೆರೆದ ಕಿಟಕಿಯಿಂದ ಮಾತು ಕೇಳುತ್ತಿತ್ತು.

"ಎಲ್ಲೀತನಾ ಬರಬೇಕು?"

"ಆ ಕೆಂಪು ಗೆರಿ ಕೆಳಗರಿ."

"ಮೊದಲಿನ ಟರ್ಬೊ ಹೋಗಿದ್ದು ಇದಕ್ಕೇನು?"

"ಹೂಂ ರಿ."

"ಹೇಳಬಾರದಿತ್ತೇನು?"

"ಹೇಳಿದ್ದೆರಿ."

ಮಾವ ಮೀಟರನ್ನೇ ನೋಡುತ್ತ ಕುಳಿತರು. ಮುಳ್ಳು ಗೆರೆ ದಾಟಿದಾಗ, "ಬಂತು. ಬಂದ್ ಮಾಡು," ಎಂದರು. ಇಳಿದು ಹೋಗುತ್ತ ತಿರುಗಿ ನೋಡದೆ ಹೇಳಿದರು, "ಟೆಂಪೊದವನಿಗೆ ಬ್ಯಾಡಂತ ಫೋನ್ ಮಾಡತೇನಿ."

ಹೆಣ್ಣಿನ ಮಾತು ವರ್ಷಗಟ್ಟಲೆ ಸಾಕ್ಷಿಯಾಗದೆ, ಒಂದು ಮುಳ್ಳು ಒಂದೇ ಸಲಕ್ಕೆ ಸಾಕ್ಷಿಯಾದದ್ದು ಘೋರ ಅನ್ಯಾಯವೆಂದು ನಾನು ತಂಗಿಗೆ ಹೇಳಿದೆ. ಈಗಲೂ ಹಾಗೆಯೇ ನಂಬಿದ್ದೇನೆ.

"ಹೌದು, ಅನ್ಯಾಯನ," ಎಂದು ಅವಳು ಹಿಂಬಾಗಿಲು ಎತ್ತಿ ಪೆಟ್ಟಿಗೆಯ ಒಂದು ತುದಿ ಹಿಡಿದಳು. "ನಾಳೆ ವಿಜಾಪುರದಾಗ ದರ ಮಾತಾಡೂದೈತಿ. ಆ ಕಡೆ ಹಿಡಿ ಅಕ್ಕಾ."